ಹನ್ನೆರಡನೆಯ ಬಲೂನು

ಗಾಂಧಿಬಜಾರಿನಲ್ಲಿ ಮೂವತ್ತು ರೂಪಾಯಿಗೆ ಒಂದು ಡಜನ್.
"ಯಾರ ಹುಟ್ಟಿದಹಬ್ಬ?" ಎಂದ ಅಂಗಡಿಯವ.
ಸಭಾಂಗಣದ್ದು ಅನ್ನಲಾಗಲಿಲ್ಲ.

ತಗಡಿನ ಸೂರು, ಕಡಪಾ ಕಲ್ಲಿನ ನೆಲ.
ವೇದಿಕೆಯ ಮೇಲಿನ ಮಾತು ಕೊನೆಯ ಸಾಲಿಗೆ
ತಲುಪುವಷ್ಟರಲ್ಲಿ ಒದ್ದೆ ಬಟ್ಟೆಯ ಮುದ್ದೆ.
ಇಲ್ಲಿ ಒಂದು ಸದ್ದು ಎಷ್ಟು ಹೊತ್ತು ಉಳಿಯುತ್ತದೆ,
ಅಳೆದುಕೊಡಿ ಎಂದಿದ್ದರು ಸಿಸ್ಟರ್ ಲಿಯೊನಿಲ್ಲಾ.
ಯಂತ್ರಕ್ಕೆ ದುಡ್ಡಿಲ್ಲ, ಸೂಜಿಗೆ ಇದೆ.

ಊದುವವಳು ಶಾಹಿಸ್ತಾ, ಎಂಟನೇ ಕ್ಲಾಸು,
ಕೆನ್ನೆ ಎರಡು ಬೋಂಡ.
ನಾನು ಚುಚ್ಚುತ್ತೇನೆ.
ಢಬ್.
ಮೈಕು ಗೆರೆ ಎಳೆಯುತ್ತದೆ,
ತೊಲೆಯ ಮೇಲೆ ಪಾರಿವಾಳಗಳು ಜಾಗ ಬದಲಿಸುತ್ತವೆ.

ಒಂದನೆಯದು ಸಿಡಿಯಿತು. ಎರಡನೆಯದು
ಸಿಡಿಯಿತೋ ಹರಿಯಿತೋ. ಮೂರನೆಯದು ಪುಸ್ಸೆಂದಿತು, ಲೆಕ್ಕಕ್ಕಿಲ್ಲ.
ಗಂಟಿನ ಹತ್ತಿರ ಚುಚ್ಚಿದರೆ ಒಂದು ಮಾತು,
ಹೊಟ್ಟೆಗೆ ಚುಚ್ಚಿದರೆ ಬೇರೆ ಮಾತು,
ಆಸ್ತಿ ಕೇಸಿನಲ್ಲಿ ಸಾಕ್ಷಿಗೆ ನಿಂತ ನೆಂಟರ ಹಾಗೆ.

ಚಪ್ಪಾಳೆ ತಟ್ಟಿದೆ. ಅಂಗೈ ಗುಳಿ ಮಾಡಿದರೆ ದಪ್ಪ,
ಚಪ್ಪಟೆ ಮಾಡಿದರೆ ತೆಳು;
ನನ್ನ ಕೈಯನ್ನು ನನ್ನ ಕೈಯೇ ಎರಡು ಸಲ ಒಪ್ಪುವುದಿಲ್ಲ.
ಬಡಗಿ ಪುಟ್ಟಾಚಾರಿ ಮಾಡಿಕೊಟ್ಟ ಜೋಡಿ ಹಲಗೆ,
ಹಲಸಿನದು, ನಡುವೆ ಬಾಗಿಲ ಕೀಲು, ಅದು ಪರವಾಗಿಲ್ಲ,
ಹತ್ತು ಸಲ ಬಡಿದರೂ ಹೆಚ್ಚುಕಡಿಮೆ ಅದೇ ಮುಖ.
ಎದುರಿಗಿದ್ದವರನ್ನೇ ನೋಡಿ ಮಾತಾಡುತ್ತದೆ ಅನ್ನುವುದೊಂದು ದೋಷ.

"ಇದರಲ್ಲಿ ಯಾವ ಢಬ್ ನಿಜ, ಸರ್?"

ಗೆರೆಗಳನ್ನು ಒಂದರ ಮೇಲೊಂದು ಹಾಸಿ ತೋರಿಸಿದೆ.
ತಲೆ ಒಂದೊಂದಕ್ಕೂ ಬೇರೆ: ಗುಡ್ಡ, ಮೊಳೆ, ಮುರುಕು ಹಲ್ಲು.
ಬಾಲ ನೋಡು, ಅಂದೆ.
ಇಳಿಯುವ ಓರೆ ಎಲ್ಲದಕ್ಕೂ ಒಂದೇ,
ಎರಡೂಮುಕ್ಕಾಲು ಸೆಕೆಂಡು, ಆಚೆ ಈಚೆ ಒಂದು ರೆಪ್ಪೆ.
ಕೇಳುವ ಬಾಯಿ ಎಷ್ಟು ಬದಲಾದರೂ
ಕೋಣೆ ತನ್ನ ಉತ್ತರ ತಿದ್ದಿರಲಿಲ್ಲ.

ಹೆಮ್ಮೆಯಿಂದ ಲ್ಯಾಪ್‌ಟಾಪ್ ಮುಚ್ಚಬೇಕು,
ಆಚೆ ಬಿ.ಎಚ್. ರಸ್ತೆಯಲ್ಲಿ ಜಲ್ಲಿ ಲಾರಿಯೊಂದು ಗೇರು ಬದಲಿಸಿತು.
ತಗಡು, ಕಿಟಕಿ, ಬೆಂಚು, ನನ್ನ ಪಕ್ಕೆಲುಬು
ಗುಮ್ಮೆಂದವು,
ಲಾರಿ ಹೋದ ಮೇಲೂ ಗುಮ್ಮೆನ್ನುತ್ತಲೇ ಇದ್ದವು.
ಗೆರೆಯ ಆ ಅಂಚಿನಲ್ಲಿ ನನ್ನ ಬಳಿ ಇದ್ದದ್ದು ಬರೀ ಧೂಳು.
ಬಲೂನಿಗೆ, ಹಲಗೆಗೆ, ಅಂಗೈಗೆ
ಅಷ್ಟು ತಗ್ಗಿದ ದನಿಯಲ್ಲಿ ಕೇಳಲು ಬರುವುದಿಲ್ಲ;
ಕೇಳದ್ದನ್ನು ಕೋಣೆ ಹೇಳಿರಲಿಲ್ಲ.

ವರದಿಯಲ್ಲಿ ಬರೆದೆ:
ನೂರಿಪ್ಪತ್ತೈದು ಹರ್ಟ್ಸ್ ಕೆಳಗೆ ಗೊತ್ತಿಲ್ಲ.
"ಗೊತ್ತಿಲ್ಲ ಅನ್ನೋದಕ್ಕೆ ಇಷ್ಟು ಬಲೂನು ಬೇಕಾಯ್ತಾ?" ಎಂದರು ಸಿಸ್ಟರ್.
ಹನ್ನೊಂದು, ಅಂದೆ.

ಹನ್ನೆರಡನೆಯದು ನೀಲಿ.
ಶಾಹಿಸ್ತಾ ಅದನ್ನು ಊದಿದಳು, ಗಂಟು ಹಾಕಲಿಲ್ಲ,
ಕೊನೆಯ ಸಾಲಿನಲ್ಲಿ ನಿಂತು ಬಿಟ್ಟುಬಿಟ್ಟಳು.
ಪರ್ರೆಂದು ಸೂರಿನ ಉದ್ದಗಲ ಅಲೆದು
ಅದು ವೇದಿಕೆಯ ಮೇಲೆ ಬಂದು ಬಿತ್ತು.
ಮೈಕು ಆರಿಸಿರಲಿಲ್ಲ.
ಯಾವ ಲೆಕ್ಕಕ್ಕೂ ಬಾರದ ಆ ಗೆರೆಯನ್ನು
ಇನ್ನೂ ಅಳಿಸಿಲ್ಲ.