ನಾಲ್ಕು ಗಂಟೆಯ ಹೂ

ಸರ್ವೆಯವ ಬಂದ, ಕಿತ್ತಳೆ ಅಂಗಿ, ಮೂರು ಕಾಲಿನ ಯಂತ್ರ.
ಇಲ್ಲಿ ಮನೆಯಿದ್ದ ಕುರುಹೇ ಇಲ್ಲ ಅಂದ.

ನಿಜ. ಹಲಗೆ ಗೆದ್ದಲಿನ ಪಾಲು,
ಸೂರಿನ ತಗಡು ಯಾರದೋ ಕೋಳಿಗೂಡಿಗೆ.
ಕಾಗದವಂತೂ ಮೊದಲೇ ಇರಲಿಲ್ಲ:
ಓದು ಬಾರದವರಿಗೆ ಅವರು
ಓದಿ ಹೇಳಿದ್ದು ಒಂದು, ಬರೆದುಕೊಂಡದ್ದು ಇನ್ನೊಂದು.

ಬಾ ಇಲ್ಲಿ, ಎಂದೆ.
ಪೈನ್ ಮರಗಳ ಸಂದಿಯಲ್ಲಿ, ಮುಳ್ಳುಕಂಟಿಯ ನಡುವೆ
ದಾರ ಹಿಡಿದು ನೆಟ್ಟ ಹಾಗೆ ಎರಡು ಸಾಲು
ಸಂಜೆಮಲ್ಲಿಗೆ.
ಕಾಡು ಸಾಲಾಗಿ ಹುಟ್ಟುವುದಿಲ್ಲ.
ಇವುಗಳ ನಡುವೆ ಹನ್ನೊಂದು ಹೆಜ್ಜೆ ನಡೆ,
ನಿನ್ನ ಹಣೆ ತಾಗುವುದು ಓಝೆಲ್ಲಾ ಅಜ್ಜಿಯ ಬಾಗಿಲಿಗೆ.

ದಿನವೆಲ್ಲ ಬಿಳಿಯರ ಹಾಸಿಗೆ ಕೊಡವಿ
ಅವರ ಮಗುವಿಗೆ ಉಣಿಸಿ
ಅವರ ಗುಲಾಬಿಗೆ ನೀರು ಹನಿಸಿ
ಹಿಂಬಾಗಿಲಿಂದ ಹೊರಟು ಬರುವಾಗ ಇಳಿಹೊತ್ತು.
'ಬೆಳಗಿನ ಹೂವಿಟ್ಟುಕೊಂಡು ಏನು ಮಾಡಲಿ ಮಗಾ,
ನಾನು ಮನೆ ಮುಟ್ಟಿದಾಗ ಕಣ್ಣು ಬಿಡುವ ಹೂ ಬೇಕು.'

ಗೋಡೆಯಲ್ಲಿ ಗಡಿಯಾರವಿರಲಿಲ್ಲ.
ಮೆಟ್ಟಿಲ ಬದಿಗೆ ಇತ್ತು.

ಅಂಗಳದಲ್ಲಿ ಒಂದು ಎಳೆ ಹುಲ್ಲಿಗೂ ಜಾಗ ಕೊಟ್ಟವಳಲ್ಲ.
ಡಾಗ್‌ವುಡ್ ಕಡ್ಡಿಯ ಪೊರಕೆ, ಮಣ್ಣಿನ ಮೇಲೆ ಗೀರು ಗೀರು,
ರಾತ್ರಿ ಬಂದು ಹೋದವರ ಬೂಟು
ಬೆಳಿಗ್ಗೆ ಅಲ್ಲಿ ಓದಿಕೊಳ್ಳುತ್ತಿದ್ದಳು.

ಹಳದಿಯ ಮೇಲೆ ಕೆಂಪು ಚಿಮುಕಿಸಿದ ಈ ಬಣ್ಣ
ಅವಳ ಅಜ್ಜಿಯ ಅಜ್ಜಿಯದಂತೆ.
ಆಕೆಯ ಹೆಸರು ಯಾರಿಗೂ ತಿಳಿಯದು.
ಧಣಿಯ ಲೆಕ್ಕದ ಪುಸ್ತಕದಲ್ಲಿ
ಹೇಸರಗತ್ತೆ ಎರಡು, ನೇಗಿಲು ಒಂದು, ಇವುಗಳ ಕೆಳಗೆ
'ಹೆಣ್ಣು, ಹತ್ತೊಂಬತ್ತು.'
ಅಷ್ಟೇ.

ಕರಿಮೆಣಸಿನಂಥ ಬೀಜ.
ರಾತ್ರೋರಾತ್ರಿ ಊರು ಬಿಟ್ಟ ಲೂಷಿಯಸ್ ಮಾವನ ಜೊತೆ
ನಶ್ಯದ ಡಬ್ಬಿಯಲ್ಲಿ ಡೆಟ್ರಾಯ್ಟಿಗೆ ಹೋಯಿತು.
ಕಾರು ಕಾರ್ಖಾನೆಯ ಮಸಿ ಬೀಳುವ ಗಲ್ಲಿಯಲ್ಲಿ
ಒಡೆದ ಬಕೆಟ್ಟಿನೊಳಗೆ ಅರಳಿದ ದಿನ
ಫೋನು ಮಾಡಿದ: 'ಅಕ್ಕಾ, ತೆರೆದವು.
ಇಲ್ಲಿ ನಿಮಗಿಂತ ಒಂದು ಗಂಟೆ ಮೊದಲು!'
ಅಜ್ಜಿ ನಕ್ಕಳು. ಆಮೇಲೆ ಫೋನಿನೊಳಗೆ ಇಬ್ಬರೂ
ತುಂಬ ಹೊತ್ತು ಸುಮ್ಮನಿದ್ದರು, ದುಡ್ಡು ಹೋಗುತ್ತಿದ್ದರೂ.

ಹೂವು ದಾಖಲೆಯಲ್ಲ ಮೇಡಂ, ಅಂದ ಸರ್ವೆಯವ,
ಮೆತ್ತಗೆ.
ಅಲಬಾಮಾದ ಬಿಸಿಲು ಓರೆಯಾಯಿತು.
ಒಂದು ಮೊಗ್ಗು ಸುರುಳಿ ಬಿಚ್ಚಿತು, ಅದರ ಪಕ್ಕದ್ದು,
ಆಮೇಲೆ ಎಣಿಸುವುದಾಗಲಿಲ್ಲ.
ಅವನು ಕೈಗಡಿಯಾರ ನೋಡಿಕೊಂಡ.
ಏನೂ ಬರೆದುಕೊಳ್ಳಲಿಲ್ಲ.
ಗೂಟ ಹೊಡೆಯುವಾಗ ಮಾತ್ರ
ಸಾಲಿನಿಂದ ಒಂದು ಗೇಣು ಆಚೆ ಸರಿದ.

ಉದುರಿದ ಬೀಜ ಆರಿಸಿ ಜೇಬಿಗೆ ಹಾಕಿಕೊಂಡೆ.
ಜೇಬು ತೂತು.
ಕಾರಿನ ತನಕ ಒಂದೊಂದೇ ಬೀಳುತ್ತಿದ್ದುದು ಗೊತ್ತಿತ್ತು,
ಕೈ ಅಡ್ಡ ಹಿಡಿಯಲಿಲ್ಲ.