ಬದನೆಕಾಯಿ, ಎಲ್‌ಕೆಜಿ ಬಿ ಸೆಕ್ಷನ್

ನಮ್ಮ ಬೆಳಗಿಗೆ ಎರಡು ಗೇಟು.
ಅಶೋಕ ಟಾಕೀಸಿನ ಹತ್ತಿರ ರೈಲ್ವೆಯದು,
ಎಂಟೂ ನಲವತ್ತಕ್ಕೆ ಬಿದ್ದರೆ ಬಿತ್ತು.
ಒಂಬತ್ತಕ್ಕೆ ಶಾಲೆಯದು,
ಗಂಟೆ ಹೊಡೆದ ಮೇಲೆ ಹಾಲಪ್ಪ
ಮಂತ್ರಿ ಮಗನಿಗೂ ತೆಗೆಯುವವನಲ್ಲ.

ಇವೆರಡರ ನಡುವೆ ನಾನು, ಸ್ಕೂಟಿ,
ಮುಂದೆ ನಿಂತ ಬಕ್ಕೇಶಿ
(ಹಾಜರಿ ಪುಸ್ತಕದಲ್ಲಿ ಪ್ರಣೀತ್, ನಂಬರ್ ಹದಿನಾಲ್ಕು).
ಅಂಕಿ ಕಲಿತದ್ದು ಅವನು ಮಿಸ್ ಹತ್ತಿರ ಅಲ್ಲ,
ಗೂಡ್ಸ್ ಗಾಡಿಯ ಡಬ್ಬಿ ಎಣಿಸಿ.
ಹದಿನೇಳಾದ ಮೇಲೆ ಇಪ್ಪತ್ತು,
ಗಾಡಿ ಉದ್ದ ಇದ್ದರೆ ಮತ್ತೆ ಹದಿನೇಳು.

ದಿನಾ ಅಳುತ್ತಾನೆ.
ಜೋರಾಗಿ ಅತ್ತರೆ ಗದರಬಹುದು,
ಇವನು ತುಟಿ ಒಳಗೆಳೆದುಕೊಂಡು
ನನ್ನ ವೇಲಿನ ತುದಿ ಹಿಡಿದು
ಸದ್ದಿಲ್ಲದೆ ಅಳುತ್ತಾನೆ.
ನಾನು ದಿನಾ ಅದೇ ನಾಲ್ಕು ಮಾತು ಹೇಳಿ
ಒಂದೊಂದೇ ಬೆರಳು ಬಿಡಿಸಿ
ಸ್ಕೂಟಿ ತಿರುಗಿಸುತ್ತೇನೆ.

ಶುಕ್ರವಾರ ಡೈರಿಯಲ್ಲಿ ಚೀಟಿ:
ತರಕಾರಿ ದಿನ. ಹದಿನಾಲ್ಕಕ್ಕೆ ಬದನೆಕಾಯಿ.
ಕೆಳಗೆ ಕಂಠಪಾಠಕ್ಕೆ:
‘ನಾನು ಬದನೆಕಾಯಿ. ನನ್ನ ಬಣ್ಣ ನೇರಳೆ.
ನನ್ನಲ್ಲಿ ನಾರಿನಂಶ ಇದೆ.’
ಬದನೆ ಕಂಡರೆ ತಟ್ಟೆ ಸರಿಸುವ ಹುಡುಗ!
‘ಶಾಸ್ತ್ರ ಹೇಳಾಕ’ ಅಂದರು ಅತ್ತೆ,
‘ಬದ್ನೆಕಾಯಿ ತಿನ್ನಾಕ.’
ಪುಸ್ತಕದ ಬದನೆಕಾಯಿ ಅಂತ ಬೈಯುವುದು ಕೇಳಿದ್ದೆ,
ಹೊಲಿಯಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

ಚೌಕಿಪೇಟೆಯ ಬಾಡಿಗೆ ಅಂಗಡಿಯವನು
‘ಬದ್ನೆ ಎಲ್ಲಾ ನಿನ್ನೇನೇ ಹೋದ್ವು ಅಕ್ಕಾ.
ಹಾಗಲ ಐತಿ, ಮುನ್ನೂರೈವತ್ತು.
ಹಸಿರೋ ನೇರಳೆನೋ, ಹುಡುಗರ ಆಟ ಬಿಡ್ರಿ’ ಅಂದ.
ಬಂದವಳೇ ನನ್ನ ಸ್ಯಾಟಿನ್ ಲಂಗ ಕತ್ತರಿಸಿದೆ,
ಮದುವೆಗೆ ಕೊಂಡದ್ದು, ಸರಿಯಾದ ನೇರಳೆ.
ಮಿಲ್ಲಿದ್ದ ಊರಲ್ಲಿ ಹತ್ತಿಗೆ ಬರವೇ,
ಹಳೇ ದಿಂಬು ಬಿಚ್ಚಿ ಹೊಟ್ಟೆ ತುಂಬಿದೆ.
ತೊಟ್ಟು ಮಾತ್ರ ಅತ್ತೆಯ ಕೈಯದು,
ಮುರಿದ ಛತ್ರಿಯ ಹಸಿರು ಬಟ್ಟೆ.
ರಾತ್ರಿ ಹನ್ನೊಂದಕ್ಕೆ ತೊಡಿಸಿ ನೋಡಿದರೆ
ಬದನೆಕಾಯಿ ನಿದ್ದೆ ಹೋಗಿತ್ತು.

ಸೋಮವಾರ, ಶಾಮಿಯಾನದ ಕೆಳಗೆ
ಟೊಮೆಟೊ ಹೇಳಿತು.
ಬೆಂಡೆಕಾಯಿ ಹೇಳಿ, ಚಪ್ಪಾಳೆ ಬಿತ್ತೆಂದು ಇನ್ನೊಮ್ಮೆ ಹೇಳಿತು.
ನುಗ್ಗೆಕಾಯಿ ನಮಸ್ಕಾರ ಮಾಡಲು ಬಾಗಿ ಬಿತ್ತು,
ಇಬ್ಬರು ಆಯಾ ಎತ್ತಿ ನಿಲ್ಲಿಸಬೇಕಾಯಿತು.

ಆಮೇಲೆ ಇವನು.
ತೊಟ್ಟು ಹುಬ್ಬಿನವರೆಗೂ ಇಳಿದಿದೆ.
ಮೈಕಿನ ಮುಂದೆ ನಿಂತ, ನಿಂತೇ ಇದ್ದ.
‘ನಾನು… ನಾನು…’ ಕೆಳಗಿಂದ ವನಮಾಲ ಮಿಸ್.
ತುಟಿ ಒಳಗೆ ಹೋಗುವುದು ನನಗೆ ಕಂಡಿತು.
ಎದ್ದು ಓಡಬೇಕು ಅನ್ನುವಷ್ಟರಲ್ಲಿ
ನನ್ನದೇ ಅವಸರದಲ್ಲಿ, ನನ್ನದೇ ರಾಗದಲ್ಲಿ:

‘ಅಳಬಾರ್ದು.
ಡಬ್ಬಿ ಪೂರ್ತಿ ತಿನ್ನು.
ಹನ್ನೆರಡೂವರೆಗೆ ಬಂದೇ ಬರ್ತೀನಿ.
ತಿರುಗಿ ನೋಡ್ಬೇಡ, ಹೋಗು.’

‘ಬಂದೇ’ ಅನ್ನುವಾಗ ನಾನು ತೋರುಬೆರಳು ಎತ್ತುತ್ತೇನಂತೆ.
ಅದನ್ನೂ ಎತ್ತಿದ.

ಶಾಮಿಯಾನ ಬಿದ್ದು ಬಿದ್ದು ನಕ್ಕಿತು.
ನಾನೂ ನಕ್ಕೆ,
ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.
ಪಕ್ಕದ ಹೀರೇಕಾಯಿಯ ತಾಯಿ
ಯಾಕೋ ಕರ್ಚೀಫು ತೆಗೆದಳು.

ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ಚಮಚ.

ವಾಪಸು ಬರುವಾಗ ಗೇಟು ಬಿದ್ದಿತ್ತು.
ಬಿಸಿಲು. ಕೈಯಲ್ಲಿ ಮಂಡಕ್ಕಿ ಪೊಟ್ಟಣ.
ಸ್ಕೂಟಿಯ ಮುಂದೆ ಬದನೆಕಾಯಿ,
ಬಿಚ್ಚಲು ಒಪ್ಪಿಲ್ಲ, ಬೆವರುತ್ತಿದೆ.
ಬಂದದ್ದು ಜನರ ಗಾಡಿ, ಎಣಿಸಲಿಲ್ಲ.
ಕಿಟಕಿಯಲ್ಲಿ ಯಾರೋ ಹೆಂಗಸು
ಇವನನ್ನು ಕಂಡು ಕೈ ಬೀಸಿದಳು,
ಗಾಡಿ ಮುಂದೆ ಹೋದರೂ
ಸರಳಿಗೆ ಕೆನ್ನೆ ಒತ್ತಿ ಬೀಸುತ್ತಲೇ ಇದ್ದಳು.

‘ಅಮ್ಮಾ, ಅವ್ರು ತಿರುಗಿ ನೋಡ್ತಿದಾರೆ.
ಬೈತೀಯಾ?’

ಗೇಟು ಏಳುತ್ತಿತ್ತು.
ಹಿಂದೆ ಹಾರನ್ನು ಶುರುವಾಗಿತ್ತು.