ಗೆರೆ ಹಿಡಿದ ಮರ

ಬಂದ್ಯೋಡಿನ ಹೈವೇ ಬದಿಯ ಕಾಟುಮಾವು,
ಎದೆಯ ಮೇಲೆ ಬಿಳಿ ಪೈಂಟಿನಲ್ಲಿ ನಾನೂರ ಹದಿನೇಳು.
ರಸ್ತೆ ಅಗಲವಾಗುವ ವರ್ಷ ಉರುಳಿಸಿದರು.
ಗೆಲ್ಲು ಸೌದೆಗೆ, ಬೊಡ್ಡೆ ಅಂದುಂಞಿಯ ಮಿಲ್ಲಿಗೆ;
ನಡುವಿನ ಒಂದು ತುಂಡು ಯಾರಿಗೂ ಬೇಡವಾಗಿ
ಕಮ್ಯುನಿಸ್ಟ್ ಗಿಡದ ಮರೆಯಲ್ಲಿ
ಎರಡು ಮಳೆಗಾಲ ನೆಲಕ್ಕೆ ಕೆನ್ನೆಯಿಟ್ಟು ಮಲಗಿತ್ತು.

"ಜಲಜಕ್ಕ, ಇದು ಕುಂಬು. ಒಲೆಗಿಟ್ಟರೂ ಹೊಗೆ ಮಾತ್ರ.
ಬೇಕಾದರೆ ಕೊಂಡುಹೋಗಿ" ಅಂದ ಅಂದುಂಞಿ.
ಆಟೋದ ಬಾಡಿಗೆಯೇ ಮರದ ಕ್ರಯ.

ಗರಗಸ ಇಳಿದು ತುಂಡು ಎರಡಾಗಿ ಬಿಚ್ಚಿಕೊಂಡರೆ
ಒಳಗೆಲ್ಲ ಕಪ್ಪು ಗೆರೆ.
ಸೂಜಿಮೊನೆಯನ್ನು ಮಸಿಯಲ್ಲಿ ಅದ್ದಿ ಎಳೆದಷ್ಟು ಸಪೂರ,
ಗದ್ದೆಯ ಹುಣಿಯ ಹಾಗೆ ಎಲ್ಲೋ ಹೊರಟು ಎಲ್ಲೋ ತಿರುಗಿ.
ಪುರಂದರ ಆಚಾರಿ ಹೇಳುತ್ತಿದ್ದರು:
ಒಂದೇ ಮರಕ್ಕೆ ಎರಡು ಬೂಷ್ಟು ಹತ್ತಿದರೆ
ಅದು ಇತ್ತ ಬಾರದ ಹಾಗೆ, ಇದು ಅತ್ತ ಹೋಗದ ಹಾಗೆ
ಕರಿ ಬೇಲಿ ಹಾಕಿಕೊಳ್ಳುತ್ತವೆ ಮಗಾ,
ಮರ ಸತ್ತ ಮೇಲಿನ ಜಗಳ ಅದು.
ಅವರು ಇಂಥದ್ದನ್ನು ಮುಟ್ಟಿದವರಲ್ಲ.
ಜನ್ಮವಿಡೀ ಕಡೆದದ್ದು ತೊಟ್ಟಿಲ ಕಾಲು, ಮಂಚದ ಕಾಲು.
ಭಾರ ಹೊರುವಲ್ಲಿಗೆ ಕುಂಬು ಆಗುವುದಿಲ್ಲ.

ನನ್ನ ಲೇತಿನ ಮೋಟಾರು ಮುಚ್ಚಿಹೋದ ಹಿಟ್ಟಿನ ಮಿಲ್ಲಿನದು.
ಉಳಿ, ಲಾರಿಯ ಪಟ್ಟಿ ಕಾಸಿ ಬಗ್ಗಿಸಿದ್ದು.
ಮೂಗಿಗೆ ಎರಡು ಸುತ್ತು ಬಟ್ಟೆ,
ಬೂಷ್ಟಿನ ಹುಡಿ ಎದೆಗೆ ಇಳಿಯಬಾರದು.
ಹೊರಮೈ ಸುಲಭ, ಕಣ್ಣಿಗೆ ಕಾಣುತ್ತದೆ.
ಒಳಗಿನದು ಕಿವಿಯ ಕೆಲಸ.
ಹೆಬ್ಬೆರಳು ಹಿಡಿಸುವಷ್ಟೇ ಬಾಯಿ; ಅದರಲ್ಲಿ ಉಳಿ ನುಗ್ಗಿ, ಕೊಂಕಿ,
ನಾನು ನೋಡದ ಗೋಡೆಯನ್ನು ಕೆರೆಯುತ್ತದೆ.
ದಪ್ಪ ಇರುವಾಗ ಗೊರಗೊರ,
ತೆಳುವಾದಂತೆ ದನಿಯೇರಿ ದುಂಬಿ,
ಅದರ ಮೇಲೆ ಸೊಳ್ಳೆ.
ಸೊಳ್ಳೆಗೆ ನಿಲ್ಲಿಸಬೇಕು.
ನಿಲ್ಲಿಸದ ಒಂದು ದಿನದ ಗುರುತು ಹುಬ್ಬಿನ ಮೇಲಿದೆ.

ಮೆತ್ತಗಾದಲ್ಲಿ ಅಂಟು ಕುಡಿಸಿ ರಾತ್ರಿಯಿಡೀ ಬಿಟ್ಟೆ.
ಮೂರನೆಯ ದಿನ, ಟಣ್.
ಸ್ವಿಚ್ಚು ಆರಿಸಿ ಬೆರಳಿಳಿಸಿದರೆ ಆಣಿ.
ನಾಲ್ಕು ಬೆರಳು ಆಳಕ್ಕೆ ನುಂಗಿಕೊಂಡ ಆಣಿ,
ಸುತ್ತ ನೇರಳೆ ತಿಂದ ನಾಲಗೆಯ ಬಣ್ಣ.
ಎಂದೋ ಇಲ್ಲೊಂದು ತಗಡು ಹೊಡೆದಿದ್ದರು:
ಬೀಡಿಯದೋ, ಬಸ್ಸಿನದೋ, ಊರಿನ ಹೆಸರೋ,
ಯಾವ ಲಿಪಿಯಲ್ಲಿತ್ತೋ.
ಮರ ಓದಿದ್ದು ಆಣಿಯನ್ನು ಮಾತ್ರ.
ಇಕ್ಕಳದಲ್ಲಿ ಎಳೆದೆ. ತೊಗರಿಬೇಳೆಯಷ್ಟು ತೂತು, ಆಚೆಗೂ ಈಚೆಗೂ.
ಮುಚ್ಚಲು ಹುಡಿ ಕಲಸಿದೆ, ಮತ್ತೆ ಮುಚ್ಚಲಿಲ್ಲ.

ಎಣ್ಣೆ ಉಜ್ಜಿ ಹಲಗೆಯ ಮೇಲಿಟ್ಟರೆ
ಬಸ್ಸು ಕಾಯುವವರು ಬಗ್ಗಿ ನೋಡುತ್ತಾರೆ.
"ದಾಯೆಗ್?" "ಎಂದಿನ್?" "ಎಂತಕ್ಕೆ ಇದು?"
ನೀರು ನಿಲ್ಲದು, ಅಕ್ಕಿ ಸೋರುವುದು,
ಹೂವಿಗೂ ಬಾಯಿ ಸಾಲದು.
ಮೂರು ಭಾಷೆಯಲ್ಲೂ ನನಗೆ ಉತ್ತರ ಬಾರದು.

ಅಂದುಂಞಿ ಬಂದ. ಹಿಡಿದು ನೋಡು ಅಂದೆ.
ದಿಮ್ಮಿ ಎತ್ತಿಯೇ ಬಲಿತ ಕೈ, ಮರವೆಂದು ಭಾರಕ್ಕೆ ಬಿಗಿಯಿತು,
ಬಿಗಿದದ್ದೇ ತಾನಾಗಿ ಮೇಲಕ್ಕೆ ಹಾರಿತು.
"ಅಷ್ಟು ಮರ ಎಲ್ಲಿ ಹೋಯಿತು?"
ಮೂಲೆಯಲ್ಲಿದ್ದ ಮೂರು ಗೋಣಿ ಹುಡಿ ತೋರಿಸಿದೆ.
ಅವನು ಮೊಬೈಲಿನ ಟಾರ್ಚನ್ನು ಬಾಯಿಗೆ ಹಿಡಿದ.
ಗೋಡೆ ಕಿವಿಯ ಹಾಲೆಯ ಹಾಗೆ ಕೆಂಪಾಗಿ,
ಗೆರೆ ಅತ್ತಿಂದಲೂ ಇತ್ತಿಂದಲೂ ಒಂದೇ ಕಪ್ಪಾಗಿ ಕಂಡಿತು.
ತೂತಿನಿಂದ ಹೊರಟ ಬೆಳಕು
ಅವನ ಅಂಗಿಯ ಗುಬ್ಬಿಯ ಮೇಲೆ ಕೂತಿತ್ತು.
ಅವನು ಅದನ್ನು ನೋಡಲಿಲ್ಲ.

ಯಾರೂ ಕೊಂಡಿಲ್ಲ ಇನ್ನೂ.
ಆರು ಪಥದ ಮೇಲೆ ಲಾರಿ ಹೋದಾಗಲೆಲ್ಲ
ಹಲಗೆ ನಡುಗಿ ಅದು ಕೂದಲಷ್ಟು ಅಂಚಿಗೆ ಜರುಗುತ್ತದೆ.
ಬಾಗಿಲು ಹಾಕುವ ಮೊದಲು
ದಿನಾ ಹಿಂದಕ್ಕೆ ಸರಿಸಿ ಇಡುತ್ತೇನೆ.